ಮನೆಯ ಹವಾಮಾನ ಕೇಂದ್ರದ ತಪ್ಪು ದಾಖಲೆ ತಿದ್ದಲು ವೀಡಬ್ಲ್ಯೂಎಕ್ಸ್: ಕಾಫಿ ತೋಟದಿಂದ ಒಂದು ವಿಮರ್ಶೆ

ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಇಡುವುದು ಹೊಸ ಹವ್ಯಾಸವೇನಲ್ಲ. ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ‘ಒಂದು ಇಂಚು ಇಪ್ಪತ್ತು ಸೆಂಟು’ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಎಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಅನೇಕ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದಿದೆ. ಆ ಪುಸ್ತಕದಲ್ಲಿ ಅಂಕಿ ತಪ್ಪಿದರೆ ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು. ಹಳೆಯ ಅಂಕಿಯೂ ಕಾಣುತ್ತಿತ್ತು, ತಿದ್ದಿದವರ ಕೈಬರಹವೂ ಕಾಣುತ್ತಿತ್ತು. ಈಗ ತೋಟದ ಅಂಗಳದಲ್ಲಿ ಕಂಬ ನೆಟ್ಟು ಸ್ವಯಂಚಾಲಿತ ಹವಾಮಾನ ಕೇಂದ್ರ ಕೂರಿಸಿಕೊಂಡವರು ಐದು ನಿಮಿಷಕ್ಕೊಂದು ದಾಖಲೆ ಪಡೆಯುತ್ತಾರೆ. ಆದರೆ ದಾಖಲೆ ಹೆಚ್ಚಾದ ಹಾಗೆ ಅದರೊಳಗಿನ ತಪ್ಪೂ ಹೆಚ್ಚುತ್ತದೆ, ಮತ್ತು ಗಣಕದೊಳಗಿನ ತಪ್ಪನ್ನು ಗೆರೆ ಎಳೆದು ತಿದ್ದಲು ಬರುವುದಿಲ್ಲ. ವೀಡಬ್ಲ್ಯೂಎಕ್ಸ್ ಎಂಬ ತಂತ್ರಾಂಶವನ್ನು ಇಲ್ಲಿ ಈ ಒಂದೇ ದೃಷ್ಟಿಯಿಂದ ನೋಡಿದ್ದೇನೆ: ತಪ್ಪು ಅಂಕಿ ಬಂದಾಗ ಅದು ತಿದ್ದಲು ಎಷ್ಟರ ಮಟ್ಟಿಗೆ ಬಿಡುತ್ತದೆ, ತಿದ್ದಿದ್ದು ಎಲ್ಲೆಲ್ಲಿಗೆ ತಲುಪುತ್ತದೆ, ತಿದ್ದಿದ ಗುರುತು ಉಳಿಯುತ್ತದೆಯೇ. ಅದರ ಜಾಲಪುಟದ ಅಂದಚಂದ, ನಕ್ಷೆಗಳ ಬಣ್ಣ ಇತ್ಯಾದಿಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ವೀಡಬ್ಲ್ಯೂಎಕ್ಸ್ ಉಚಿತವಾದ, ಮೂಲಸಂಕೇತ ಮುಕ್ತವಾಗಿರುವ, ಪೈಥಾನ್ ಭಾಷೆಯಲ್ಲಿ ಬರೆದ ತಂತ್ರಾಂಶ. ಟಾಮ್ ಕೆಫರ್ ಅವರು ಆರಂಭಿಸಿದ ಇದರ ಐದನೆಯ ಆವೃತ್ತಿ 2024ರ ಜನವರಿಯಲ್ಲಿ ಹೊರಬಂದಿತು. ರಾಸ್ಪ್‌ಬೆರಿ ಪೈನಂತಹ ಅಂಗೈಯಗಲದ ಗಣಕದಲ್ಲಿ ಹಗಲೂ ರಾತ್ರಿ ಓಡುತ್ತದೆ. ಬೇರೆ ಬೇರೆ ಕಂಪನಿಗಳ ಕೇಂದ್ರಗಳ ಜೊತೆ ಹೊಂದಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಗ್ರಹಿಸಿದ ಅಂಕಿಗಳನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಒಂದೇ ಕಡತದಲ್ಲಿ, ನಮ್ಮ ಮನೆಯಲ್ಲೇ ಇಡುತ್ತದೆ. ಕಂಪನಿಯ ಕ್ಲೌಡ್‌ಗೆ ಮಾತ್ರ ಅಂಕಿ ಕಳಿಸುವ ಕೇಂದ್ರಗಳಲ್ಲಿ ಹಳೆಯ ದಾಖಲೆ ನಮ್ಮ ಕಣ್ಣಿಗೆ ಬೀಳುತ್ತದೆಯೇ ಹೊರತು ಕೈಗೆ ಸಿಗುವುದಿಲ್ಲ. ಕೈಗೆ ಸಿಗದ್ದನ್ನು ತಿದ್ದುವ ಪ್ರಶ್ನೆಯೇ ಏಳುವುದಿಲ್ಲ.

ಆ ಕಡತದೊಳಗೆ ಅಂಕಿಗಳು ಎರಡು ಹಂತದಲ್ಲಿ ಕೂರುತ್ತವೆ ಎಂಬುದನ್ನು ಮೊದಲೇ ಅರಿತುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಕೇಂದ್ರದಿಂದ ಕೆಲವು ಸೆಕೆಂಡಿಗೊಮ್ಮೆ ಬರುವ ಕ್ಷಣಕ್ಷಣದ ಅಂಕಿಗಳನ್ನು ಒಟ್ಟುಗೂಡಿಸಿ, ಸಾಮಾನ್ಯವಾಗಿ ಐದು ನಿಮಿಷಕ್ಕೊಂದು ಸಾಲಿನಂತೆ ಆರ್ಕೈವ್ ಎಂಬ ದೊಡ್ಡ ಕೋಷ್ಟಕದಲ್ಲಿ ಬರೆಯುವುದು ಮೊದಲನೆಯ ಹಂತ. ಉಷ್ಣಾಂಶಕ್ಕೊಂದು, ಮಳೆಗೊಂದು, ತೇವಾಂಶಕ್ಕೊಂದು ಎಂಬಂತೆ ಪ್ರತ್ಯೇಕ ದಿನವಾರು ಸಾರಾಂಶದ ಕೋಷ್ಟಕಗಳನ್ನಿಟ್ಟು, ಅವುಗಳಲ್ಲಿ ಪ್ರತಿದಿನದ ಕನಿಷ್ಠ, ಗರಿಷ್ಠ, ಅವು ಬಂದ ಸಮಯ, ಒಟ್ಟು ಮೊತ್ತ ಮುಂತಾದವನ್ನು ದಾಖಲಿಸುವುದು ಎರಡನೆಯ ಹಂತ. ತಿಂಗಳ ವರದಿ, ವರ್ಷದ ಗರಿಷ್ಠ, ಒಟ್ಟು ಮಳೆ ಇವೆಲ್ಲ ಬಹುಪಾಲು ಸಾರಾಂಶದ ಕೋಷ್ಟಕಗಳಿಂದ ಬರುತ್ತವೆ. ಆದ್ದರಿಂದ ಆರ್ಕೈವ್‌ನಲ್ಲಿ ಮಾತ್ರ ತಿದ್ದಿ ಕುಳಿತರೆ ವರದಿಯಲ್ಲಿ ಹಳೆಯ ತಪ್ಪು ಹಾಗೆಯೇ ಉಳಿದಿರುತ್ತದೆ, ತಿದ್ದಿದವರು ತಲೆ ಕೆರೆದುಕೊಳ್ಳುತ್ತಾರೆ.

ತಪ್ಪು ಅಂಕಿ ಒಳಗೆ ಬಾರದಂತೆ ತಡೆಯುವ ಒಂದು ಬಾಗಿಲು ಈ ತಂತ್ರಾಂಶದಲ್ಲೇ ಇದೆ. ಪ್ರತಿಯೊಂದು ಅಳತೆಗೂ ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನು ಸಂರಚನೆಯ ಕಡತದಲ್ಲಿ ಬರೆದಿಡಬಹುದು. ಮಿತಿ ದಾಟಿದ ಅಂಕಿಯನ್ನು ಅದು ಖಾಲಿ ಎಂದು ಪರಿಗಣಿಸಿ, ತಿರಸ್ಕರಿಸಿದ ಅಂಕಿಯನ್ನು ಗಣಕದ ಲಾಗ್‌ನಲ್ಲಿ ನಮೂದಿಸುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಜೊತೆಗೆ ಬರುವ ಮೂಲ ಮಿತಿಗಳು ಇಡೀ ಭೂಮಂಡಲಕ್ಕೆ ಅನ್ವಯವಾಗುವಷ್ಟು ಸಡಿಲವಾಗಿವೆ. ಹೊರಗಿನ ಉಷ್ಣಾಂಶಕ್ಕೆ ಫ್ಯಾರನ್‌ಹೀಟ್‌ನಲ್ಲಿ ಮೈನಸ್ 40ರಿಂದ 120ರವರೆಗೆ ಅವಕಾಶವಿದೆ, ಅಂದರೆ ಮಲೆನಾಡಿನ ರಾತ್ರಿಯಲ್ಲಿ 48 ಡಿಗ್ರಿ ಸೆಲ್ಸಿಯಸ್ ಬಂದರೂ ಅದು ಮರುಮಾತಿಲ್ಲದೆ ಬರೆದುಕೊಳ್ಳುತ್ತದೆ. ಮಳೆಯ ಮಿತಿ ಒಂದು ದಾಖಲೆಗೆ 10 ಇಂಚು, ಅಂದರೆ 254 ಮಿಲಿಮೀಟರ್. ಭಾರತೀಯ ಹವಾಮಾನ ಇಲಾಖೆ ಒಂದು ಇಡೀ ದಿನದಲ್ಲಿ 204.5 ಮಿಲಿಮೀಟರ್ ಬಿದ್ದರೆ ಅದನ್ನು ಅತ್ಯಂತ ಭಾರೀ ಮಳೆ ಎಂದು ಕರೆಯುತ್ತದೆ; ಇಲ್ಲಿ ಐದು ನಿಮಿಷಕ್ಕೆ ಅದಕ್ಕಿಂತಲೂ ಹೆಚ್ಚು ಮಳೆಗೆ ಒಪ್ಪಿಗೆಯಿದೆ.

ಇನ್ನೊಂದು ಕಡೆ ಅದೇ ಮಿತಿ ಅತಿ ಬಿಗಿಯಾಗುವುದೂ ಉಂಟು. ಸ್ಥಳದ ವಾಯುಭಾರಕ್ಕೆ ಕೊಟ್ಟಿರುವ ಕೆಳಮಿತಿ 24 ಇಂಚು ಪಾದರಸ, ಅಂದರೆ ಸುಮಾರು 813 ಹೆಕ್ಟೊಪಾಸ್ಕಲ್. ಮೂಡಿಗೆರೆಯಂತಹ ಸಾವಿರ ಮೀಟರ್ ಎತ್ತರದ ಊರಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ವಾಯುಭಾರ 900ರ ಆಸುಪಾಸಿನಲ್ಲಿರುತ್ತದೆ. ಆದರೆ 2,200 ಮೀಟರ್ ದಾಟಿದ ಊಟಿಯಲ್ಲಿ ಇದೇ ಕೇಂದ್ರ ಇಟ್ಟರೆ ಅಲ್ಲಿನ ನಿಜವಾದ ವಾಯುಭಾರವೇ ತಪ್ಪೆಂದು ತಿರಸ್ಕೃತವಾಗುತ್ತದೆ. ಹೀಗಾಗಿ ತಂತ್ರಾಂಶ ಹಾಕಿದ ದಿನವೇ ಈ ಮಿತಿಗಳನ್ನು ನಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ಉಷ್ಣಾಂಶಕ್ಕೆ ನಾನು 40ರಿಂದ 100 ಫ್ಯಾರನ್‌ಹೀಟ್ ಇಟ್ಟಿದ್ದೇನೆ. ಮಳೆಯ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡುವ ಮುನ್ನ ಯೋಚಿಸಬೇಕಾಗುತ್ತದೆ. ಒಟ್ಟು ಎಣಿಕೆಯನ್ನು ಕಳಿಸುವ ಕೇಂದ್ರಗಳಲ್ಲಿ, ಆಷಾಢದ ಮಳೆಯ ನಡುವೆ ಸೆನ್ಸರಿಗೂ ಮನೆಯೊಳಗೆ ಅಂಕಿ ತೋರಿಸುವ ಕನ್ಸೋಲಿಗೂ ಸಂಪರ್ಕ ತಪ್ಪಿ ಗಂಟೆಗಳ ನಂತರ ಮರಳಿದರೆ, ನಡುವೆ ಬಿದ್ದ ಮಳೆಯೆಲ್ಲ ಒಂದೇ ದಾಖಲೆಯಲ್ಲಿ ಬಂದು ಬೀಳುತ್ತದೆ. ಮಿತಿ ಒಂದು ಇಂಚು ಎಂದಿಟ್ಟರೆ ನಿಜವಾದ ಮಳೆಯೇ ಕಳೆದುಹೋಗುತ್ತದೆ. ಮಿತಿಯನ್ನು ಮೂರು ಇಂಚಿಗೆ ಇಟ್ಟುಕೊಂಡು, ಉಳಿದದ್ದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸುವುದು ಮಲೆನಾಡಿಗೆ ಮೇಲು.

ಈ ಬಾಗಿಲಿನ ದೊಡ್ಡ ಕೊರತೆಯೆಂದರೆ ಇದು ಹಿಂದಿನ ಅಂಕಿಯ ಜೊತೆ ಹೋಲಿಸಿ ನೋಡುವುದಿಲ್ಲ. 68 ಡಿಗ್ರಿಯಿಂದ ಒಮ್ಮೆಲೇ 98ಕ್ಕೆ ಹಾರಿ ಮತ್ತೆ 68ಕ್ಕೆ ಇಳಿದರೆ, ಮೂರೂ ಅಂಕಿಗಳು ಮಿತಿಯೊಳಗೇ ಇರುವುದರಿಂದ ಅದಕ್ಕೆ ಅನುಮಾನ ಬರುವುದಿಲ್ಲ. ಕ್ಯುಮುಲಸ್ ಎಂಎಕ್ಸ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಎರಡು ಅನುಕ್ರಮ ಅಂಕಿಗಳ ನಡುವಿನ ವ್ಯತ್ಯಾಸ ಇಷ್ಟಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡು ಎಂದು ಹೇಳುವ ಸೌಲಭ್ಯ ಮೊದಲಿನಿಂದಲೂ ಇದೆ. ವೀಡಬ್ಲ್ಯೂಎಕ್ಸ್‌ನಲ್ಲಿ ಅದನ್ನು ಪಡೆಯಬೇಕಾದರೆ ಸ್ವತಃ ಪೈಥಾನ್‌ನಲ್ಲಿ ಒಂದು ಸೇರ್ಪಡೆಯನ್ನು ಬರೆಯಬೇಕು ಇಲ್ಲವೇ ಬೇರೆಯವರು ಬರೆದದ್ದನ್ನು ಹುಡುಕಬೇಕು.

ಒಂದೇ ಪ್ರಮಾಣದಲ್ಲಿ ಸದಾ ತಪ್ಪುವ ಸೆನ್ಸರುಗಳಿಗೆ ಕ್ಯಾಲಿಬ್ರೇಷನ್ ವಿಭಾಗವಿದೆ. ಉಷ್ಣಾಂಶದಿಂದ ಇಷ್ಟು ಕಳೆ, ಮಳೆಯನ್ನು ಇಷ್ಟರಿಂದ ಗುಣಿಸು ಎಂಬ ಸೂತ್ರವನ್ನು ಅಲ್ಲಿ ಬರೆದರೆ ಸಾಕು. ಎಷ್ಟು ಕಳೆಯಬೇಕು ಎಂಬುದನ್ನು ತಂತ್ರಾಂಶ ಹೇಳುವುದಿಲ್ಲ, ನಾವೇ ಕಂಡುಕೊಳ್ಳಬೇಕು. ತೇವಾಂಶದ ಸೆನ್ಸರಿಗೆ ಅಡುಗೆ ಉಪ್ಪಿನ ಪರೀಕ್ಷೆ ಬಹಳ ಹಳೆಯದು, ನಂಬಿಕೆಗೂ ಅರ್ಹವಾದದ್ದು: ಬಿಗಿಯಾಗಿ ಮುಚ್ಚುವ ಡಬ್ಬಿಯೊಳಗೆ ಉಪ್ಪನ್ನು ಒದ್ದೆಯಾಗುವಷ್ಟು ಮಾತ್ರ ನೀರು ಹಾಕಿಟ್ಟು, ಅದಕ್ಕೆ ತಾಗದಂತೆ ಸೆನ್ಸರನ್ನು ಒಂದು ದಿನ ಒಳಗಿಟ್ಟರೆ ಅದು ಶೇಕಡ 75 ತೋರಿಸಬೇಕು. ಮಳೆಗಾಲ ಪೂರ್ತಿ ಮಂಜಿನಲ್ಲಿ ನೆನೆದ ಅಗ್ಗದ ಸೆನ್ಸರುಗಳು ಈ ಪರೀಕ್ಷೆಯಲ್ಲಿ ಗೆಲ್ಲುವುದು ಅಪರೂಪ. ಮಳೆಗೆ ಹಳೆಯ ಕೈ ಮಳೆಮಾಪಕವೇ ಒರೆಗಲ್ಲು. ಟಿಪ್ಪಿಂಗ್ ಬಕೆಟ್ ಮಾದರಿಯ ಮಾಪಕದಲ್ಲಿ ಪುಟ್ಟ ಬಟ್ಟಲು ತುಂಬಿ ಮಗುಚುವ ಆ ಅರೆಕ್ಷಣದಲ್ಲಿ ಸುರಿಯುವ ನೀರು ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ, ಜೋರು ಮಳೆಯಲ್ಲಿ ಅದು ಕಡಿಮೆ ತೋರಿಸುವುದು ಸ್ವಾಭಾವಿಕ.

ಹೋಲಿಸುವಾಗ ಒಂದು ಎಚ್ಚರ ಬೇಕು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ, ತೋಟದ ಪುಸ್ತಕವೂ ಹಾಗೆಯೇ. ವೀಡಬ್ಲ್ಯೂಎಕ್ಸ್‌ನ ದಿನವಾದರೋ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿಯಿಡೀ ಸುರಿದ ಮಳೆ ಪುಸ್ತಕದಲ್ಲಿ ಒಂದು ದಿನಕ್ಕೂ ಗಣಕದಲ್ಲಿ ಎರಡು ದಿನಕ್ಕೂ ಹಂಚಿಹೋಗಿರುತ್ತದೆ. ಇದನ್ನು ಗಮನಿಸದೆ ಕೇಂದ್ರವೇ ತಪ್ಪು ಎಂದು ಗುಣಕ ಬದಲಿಸಿದವರಿದ್ದಾರೆ. ಸಾರಾಂಶದ ಕೋಷ್ಟಕವನ್ನು ಬಿಟ್ಟು ಆರ್ಕೈವ್‌ನಿಂದಲೇ ಎಂಟೂವರೆಯ ಗಡಿ ಹಾಕಿ ಮೊತ್ತ ತೆಗೆಯುವುದೊಂದೇ ಸರಿಯಾದ ದಾರಿ. ಕ್ಯುಮುಲಸ್‌ನಲ್ಲಿ ದಿನದ ಗಡಿಯನ್ನು ಬೆಳಗಿನ ಒಂಬತ್ತಕ್ಕೆ ಇಡಬಹುದು, ನಮ್ಮ ಎಂಟೂವರೆಗೆ ಅಲ್ಲಿಯೂ ಜಾಗವಿಲ್ಲ. ಕ್ಯಾಲಿಬ್ರೇಷನ್ ಸೂತ್ರ ಮುಂದೆ ಬರುವ ಅಂಕಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನೂ ಮರೆಯಬಾರದು. ಈಗಾಗಲೇ ದಾಖಲಾದದ್ದನ್ನು ಅದು ಮುಟ್ಟುವುದಿಲ್ಲ.

ದಾಖಲಾಗಿ ಹೋದದ್ದನ್ನು ತಿದ್ದುವ ವಿಷಯಕ್ಕೆ ಬಂದಾಗಲೇ ಈ ತಂತ್ರಾಂಶದ ನಿಜವಾದ ಗುಣ, ದೋಷ ಎರಡೂ ತಿಳಿಯುತ್ತವೆ. ತಿದ್ದುಪಡಿಗೆಂದು ಇದರಲ್ಲಿ ಯಾವ ಪರದೆಯೂ ಇಲ್ಲ, ಗುಂಡಿಯೂ ಇಲ್ಲ. ತಂತ್ರಾಂಶವನ್ನು ನಿಲ್ಲಿಸಿ, ಡೇಟಾಬೇಸ್ ಕಡತದ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಎಸ್‌ಕ್ಯೂಎಲ್ ಭಾಷೆಯ ಆದೇಶದಿಂದ ನೇರವಾಗಿ ಕೋಷ್ಟಕದ ಸಾಲನ್ನೇ ಬದಲಿಸಬೇಕು. ಕಪ್ಪು ಪರದೆಯ ಮೇಲೆ ಆದೇಶ ಬರೆಯಲು ಹಿಂಜರಿಯುವವರು ಕಡತವನ್ನು ಲ್ಯಾಪ್‌ಟಾಪಿಗೆ ತಂದು, ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಎಕ್ಸೆಲ್ ಹಾಳೆಯಲ್ಲಿ ತಿದ್ದುವಂತೆಯೇ ತಿದ್ದಬಹುದು.

ಒಂದು ನಿದರ್ಶನ ಕೊಡುತ್ತೇನೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮಳೆಮಾಪಕದ ಆಲಿಕೆಯೊಳಗೆ ಬಿದ್ದಿದ್ದ ಸಿಲ್ವರ್ ಓಕ್ ಎಲೆ, ಜೇಡರ ಬಲೆಗಳನ್ನು ತೆಗೆದು ನೀರು ಹಾಕಿ ತೊಳೆಯಲಾಯಿತು. ಒಳಗಿನ ಬಟ್ಟಲಿಗೆ ಅದು ಮಳೆಯೋ ತೊಳೆದ ನೀರೋ ತಿಳಿಯುವುದಿಲ್ಲ. ಆರ್ಕೈವ್‌ನಲ್ಲಿ 10.40ರ ಸಾಲಿನಲ್ಲಿ 0.09, 10.45ರ ಸಾಲಿನಲ್ಲಿ 0.08 ಎಂದು ದಾಖಲಾಯಿತು. ಒಟ್ಟು ಹದಿನೇಳು ಸೆಂಟು. ಬೇರೆ ತಿಂಗಳಾಗಿದ್ದರೆ ಇಷ್ಟು ಮಳೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಕಾಫಿಯ ಹೂ ಅರಳಿಸುವ ಹೂಮಳೆಯ ಕಾಲ. ಹೂವಿಗೆ ಸುಮಾರು ಒಂದು ಇಂಚು ಬೇಕೆಂದು ಲೆಕ್ಕ ಹಾಕಿ, ಬಿದ್ದದ್ದು ಸಾಲದಿದ್ದರೆ ಸ್ಪ್ರಿಂಕ್ಲರ್ ಹಚ್ಚುವ ಬೆಳೆಗಾರನಿಗೆ ಇಲ್ಲದ ಹದಿನೇಳು ಸೆಂಟು ದಾಖಲೆಯಲ್ಲಿ ಇರುವುದು ಸಣ್ಣ ವಿಷಯವಲ್ಲ. ಅದೇ ಹೊತ್ತಿನ ಉಷ್ಣಾಂಶ ಏರುತ್ತಿತ್ತು, ತೇವಾಂಶ ಇಳಿಯುತ್ತಿತ್ತು. ಮಳೆ ಬಂದರೆ ಎರಡೂ ಇದಕ್ಕೆ ವಿರುದ್ಧವಾಗಿರಬೇಕು. ಇಷ್ಟು ಸಾಕ್ಷ್ಯ ಸಾಲದೆಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ; ಪಂಚಾಯಿತಿಯ ಮಾಪಕದ ಅಂಕಿಯೂ ಆ ಬೆಳಗ್ಗೆ ಸೊನ್ನೆಯೇ ಆಗಿತ್ತು. ಹೀಗೆ ಖಚಿತವಾದ ಮೇಲೆ ಆ ಎರಡು ಸಾಲುಗಳ ಮಳೆಯನ್ನೂ, ಅದರ ಜೊತೆ ಹುಟ್ಟಿಕೊಂಡ ಮಳೆಯ ವೇಗವನ್ನೂ ಸೊನ್ನೆ ಮಾಡಲಾಯಿತು. ಮಳೆಯನ್ನು ತಿದ್ದಿ ವೇಗವನ್ನು ಮರೆತರೆ, ಮಳೆಯೇ ಇಲ್ಲದ ದಿನ ಗಂಟೆಗೆ ಒಂದು ಇಂಚಿನ ವೇಗದಲ್ಲಿ ಮಳೆ ಸುರಿಯಿತು ಎಂಬ ವಿಚಿತ್ರ ವರದಿ ಉಳಿಯುತ್ತದೆ.

ಇಲ್ಲಿ ಅಳತೆಯ ಮಾನದ ಬಗ್ಗೆ ಹೇಳಲೇಬೇಕು. ಪರದೆಯ ಮೇಲೆ ಸೆಲ್ಸಿಯಸ್, ಮಿಲಿಮೀಟರ್ ಕಾಣುತ್ತಿದ್ದರೂ, ಬದಲಿಸದೇ ಬಿಟ್ಟರೆ ಡೇಟಾಬೇಸ್‌ನ ಒಳಗೆ ಅಂಕಿಗಳು ಅಮೆರಿಕದ ಮಾನದಲ್ಲಿ, ಅಂದರೆ ಫ್ಯಾರನ್‌ಹೀಟ್ ಮತ್ತು ಇಂಚಿನಲ್ಲಿ ಇರುತ್ತವೆ. ‘ಉಷ್ಣಾಂಶ 45ಕ್ಕಿಂತ ಹೆಚ್ಚಿರುವ ಸಾಲುಗಳನ್ನೆಲ್ಲ ಖಾಲಿ ಮಾಡು’ ಎಂದು ಸೆಲ್ಸಿಯಸ್ ಮನಸ್ಸಿನಲ್ಲಿಟ್ಟು ಆದೇಶ ಕೊಟ್ಟರೆ ನಮ್ಮ ನಾಡಿನ ಇಡೀ ದಾಖಲೆ ಅಳಿಸಿಹೋಗುತ್ತದೆ. ಪ್ರತಿ ಸಾಲಿನಲ್ಲೂ ಯಾವ ಮಾನ ಎಂಬ ಸಂಕೇತವಿರುತ್ತದೆ: 1 ಎಂದರೆ ಅಮೆರಿಕದ ಮಾನ, 16 ಮತ್ತು 17 ಎಂದರೆ ಮೆಟ್ರಿಕ್. ಮೆಟ್ರಿಕ್‌ನಲ್ಲೂ 16ರಲ್ಲಿ ಮಳೆ ಸೆಂಟಿಮೀಟರಿನಲ್ಲಿದ್ದರೆ 17ರಲ್ಲಿ ಮಿಲಿಮೀಟರಿನಲ್ಲಿರುತ್ತದೆ. ಮೊದಲು ಅದನ್ನು ನೋಡಿ ನಂತರ ಕೈ ಹಾಕಬೇಕು. ನಮ್ಮ ತೋಟದವರಿಗೆ ಮಾತ್ರ ಅಮೆರಿಕದ ಮಾನವೇ ಅನುಕೂಲ: ಇಂಚಿನ ನೂರನೆಯ ಒಂದು ಭಾಗಕ್ಕೆ ಮಗುಚುವ ಬಟ್ಟಲಿನ ಒಂದು ಮಗುಚುವಿಕೆ ಎಂದರೆ ಸರಿಯಾಗಿ ನಮ್ಮ ಒಂದು ಸೆಂಟು. ಸಾಲಿನ ಸಮಯವೂ ಗಡಿಯಾರದ ರೂಪದಲ್ಲಿರುವುದಿಲ್ಲ, 1970ರಿಂದ ಎಣಿಸಿದ ಸೆಕೆಂಡುಗಳಲ್ಲಿರುತ್ತದೆ. ಅದನ್ನು ಸ್ಥಳೀಯ ಸಮಯಕ್ಕೆ ಪರಿವರ್ತಿಸುವ ಸೌಲಭ್ಯ ಎಸ್‌ಕ್ಯೂಲೈಟ್‌ನಲ್ಲೇ ಇದೆ. ಸಾಲಿನ ಸಮಯ ಆ ಐದು ನಿಮಿಷದ ಕೊನೆಯನ್ನು ಸೂಚಿಸುವುದರಿಂದ, ಮಧ್ಯರಾತ್ರಿ ಹನ್ನೆರಡರ ಸಾಲು ಮುಗಿದ ದಿನಕ್ಕೆ ಸೇರುತ್ತದೆ.

ಉಷ್ಣಾಂಶದ ತಪ್ಪು ಇನ್ನೂ ಸ್ವಲ್ಪ ಜಟಿಲ. ಮೂಲ ಮಿತಿಗಳೇ ಇರುವ ಕೇಂದ್ರವೊಂದರಲ್ಲಿ, ಸೆನ್ಸರಿನ ಸಂಕೇತ ಕೆಟ್ಟು, ಸಂಜೆ ಏಳೂಕಾಲಿನ ಸಾಲಿನಲ್ಲಿ 112 ಎಂದು ದಾಖಲಾಗಿದೆ ಎಂದಿಟ್ಟುಕೊಳ್ಳಿ, ಹಿಂದಿನದು 68.4, ಮುಂದಿನದು 68.2. ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ಇಬ್ಬನಿ ಬಿಂದು, ಶಾಖ ಸೂಚ್ಯಂಕ ಮುಂತಾದವನ್ನು ತಂತ್ರಾಂಶ ಉಷ್ಣಾಂಶ ಮತ್ತು ತೇವಾಂಶದಿಂದ ಲೆಕ್ಕ ಹಾಕುವುದರಿಂದ, ತೇವಾಂಶ ಶೇಕಡ 88 ಇದ್ದರೆ ಇಬ್ಬನಿ ಬಿಂದು 107ರ ಆಸುಪಾಸಿಗೆ ಏರಿ ಕುಳಿತಿರುತ್ತದೆ. ಉಷ್ಣಾಂಶವನ್ನು ಖಾಲಿ ಮಾಡಿದ ಮೇಲೆ ಅದರಿಂದ ಹುಟ್ಟಿದ ಎಲ್ಲ ಅಂಕಣಗಳನ್ನೂ ಆ ಸಾಲಿನಲ್ಲಿ ಖಾಲಿ ಮಾಡಬೇಕು. ಉಷ್ಣಾಂಶಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ, ಕ್ಯಾಲ್ಕ್ ಮಿಸ್ಸಿಂಗ್ ಎಂಬ ಆದೇಶ ಖಾಲಿಯಿರುವ ಇಂತಹ ಲೆಕ್ಕದ ಅಂಕಣಗಳನ್ನು ಹೊಸದಾಗಿ ತುಂಬಿಕೊಡುತ್ತದೆ. ಇದು ನಿಜಕ್ಕೂ ಚೆನ್ನಾಗಿ ಯೋಚಿಸಿ ಮಾಡಿರುವ ಸೌಲಭ್ಯ. ಸಮುದ್ರಮಟ್ಟದಿಂದ ತೋಟದ ಎತ್ತರವನ್ನು ತಪ್ಪಾಗಿ ಕೊಟ್ಟವರಿಗೂ ಇದೇ ಆದೇಶ ನೆರವಾಗುತ್ತದೆ. ಎತ್ತರ 30 ಮೀಟರ್ ತಪ್ಪಿದರೆ ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ವಾಯುಭಾರ 3 ಹೆಕ್ಟೊಪಾಸ್ಕಲ್‌ಗಿಂತ ಹೆಚ್ಚು ತಪ್ಪುತ್ತದೆ. ಸ್ಥಳದ ವಾಯುಭಾರವೂ ದಾಖಲಾಗಿದ್ದರೆ, ಎತ್ತರವನ್ನು ಸರಿಪಡಿಸಿ, ಇಳಿಸಿದ ವಾಯುಭಾರದ ಅಂಕಣವನ್ನು ಖಾಲಿ ಮಾಡಿ ಮರುಲೆಕ್ಕ ಹಾಕಿಸಿದರೆ ವರ್ಷಗಳ ದಾಖಲೆಯೂ ಸರಿಹೋಗುತ್ತದೆ. ಕನ್ಸೋಲೇ ಇಳಿಸಿದ ವಾಯುಭಾರವನ್ನು ಲೆಕ್ಕ ಹಾಕಿ ಕಳಿಸುವ ಕೇಂದ್ರಗಳಲ್ಲಿ ಎತ್ತರವನ್ನು ಕನ್ಸೋಲಿನಲ್ಲೂ ತಿದ್ದಬೇಕು.

ಇದಾದ ಮೇಲೆ ರೀಬಿಲ್ಡ್ ಡೈಲಿ ಎಂಬ ಆದೇಶ ಕೊಟ್ಟು ಆ ದಿನಾಂಕದ ಸಾರಾಂಶವನ್ನು ಆರ್ಕೈವ್‌ನಿಂದ ಮರಳಿ ಕಟ್ಟಿಸಬೇಕು. ಒಂದು ದಿನಕ್ಕೂ ಕೊಡಬಹುದು, ದಿನಾಂಕಗಳ ವ್ಯಾಪ್ತಿಗೂ ಕೊಡಬಹುದು. ಆದೇಶ ಸರಳ, ಕೆಲಸ ಬೇಗ ಮುಗಿಯುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಮೊದಲ ಬಾರಿ ಸಾರಾಂಶ ಬರೆಯುವಾಗ ದಿನದ ಗರಿಷ್ಠ, ಕನಿಷ್ಠಗಳನ್ನು ತಂತ್ರಾಂಶ ಸೆಕೆಂಡುಗಳ ಅಂತರದಲ್ಲಿ ಬರುವ ಕ್ಷಣಕ್ಷಣದ ಅಂಕಿಗಳಿಂದ ಆರಿಸಿಕೊಂಡಿರುತ್ತದೆ. ಆ ಅಂಕಿಗಳು ಎಲ್ಲಿಯೂ ಉಳಿದಿರುವುದಿಲ್ಲ. ಮರುನಿರ್ಮಾಣದಲ್ಲಿ ಅದಕ್ಕೆ ಸಿಗುವುದು ಐದು ನಿಮಿಷದ ಸಾಲುಗಳು ಮಾತ್ರ. ಹೀಗಾಗಿ ಬೆಳಗಿನ ಹದಿನೇಳು ಸೆಂಟು ಮಳೆಯನ್ನು ತಿದ್ದಿದ ತಪ್ಪಿಗೆ ಅದೇ ದಿನದ ಮಧ್ಯಾಹ್ನದ ಗರಿಷ್ಠ ಉಷ್ಣಾಂಶ ಡಿಗ್ರಿಯ ಹತ್ತನೆಯ ಕೆಲವು ಭಾಗದಷ್ಟು ಇಳಿದುಬಿಡುತ್ತದೆ, ಏಕೆಂದರೆ ಆ ದಿನದ ಎಲ್ಲ ಅಳತೆಗಳ ಸಾರಾಂಶವೂ ಒಟ್ಟಿಗೇ ಮರುಕಟ್ಟಿಕೊಳ್ಳುತ್ತದೆ. ಇದನ್ನು ತಪ್ಪಿಸಬೇಕೆಂದರೆ ಮಳೆಯ ಸಾರಾಂಶದ ಕೋಷ್ಟಕದಲ್ಲೇ ಆ ದಿನದ ಮೊತ್ತವನ್ನೂ, ಕಾಲಾವಧಿಯಿಂದ ಗುಣಿಸಿಟ್ಟ ಇನ್ನೊಂದು ಮೊತ್ತವನ್ನೂ ಕೈಯಾರೆ ತಿದ್ದಬೇಕು. ಅದು ಲೆಕ್ಕದಲ್ಲಿ ನುರಿತವರ ಕೆಲಸ. ಒಂದೇ ಅಳತೆಯ ಸಾರಾಂಶವನ್ನು ಮಾತ್ರ ಮರುಕಟ್ಟುವ ಅವಕಾಶ ಕೊಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ನನ್ನ ಮಟ್ಟಿಗೆ ತಂತ್ರಾಂಶದ ಅತಿ ದೊಡ್ಡ ಕುಂದು ಇದೇ.

ಮಾಸಿಕ ವರದಿಯ ವಿಷಯದಲ್ಲೂ ಒಂದು ಗಂಟಿದೆ. ಮುಗಿದುಹೋದ ತಿಂಗಳ ವರದಿಯ ಪಠ್ಯ ಕಡತ ಒಮ್ಮೆ ಸಿದ್ಧವಾದರೆ ತಂತ್ರಾಂಶ ಅದನ್ನು ಮತ್ತೆ ಬರೆಯುವುದಿಲ್ಲ. ಜೂನ್‌ನಲ್ಲಿ ಕುಳಿತು ಮಾರ್ಚಿಯನ್ನು ತಿದ್ದಿದರೆ, ಮಾರ್ಚಿಯ ವರದಿ ಕಡತವನ್ನೂ, ವರ್ಷವೂ ಮುಗಿದುಹೋಗಿದ್ದರೆ ಆ ವರ್ಷದ ಕಡತವನ್ನೂ ನಾವೇ ಅಳಿಸಬೇಕು. ಮುಂದಿನ ಸುತ್ತಿನಲ್ಲಿ ಅವು ಹೊಸ ಅಂಕಿಗಳೊಂದಿಗೆ ಹುಟ್ಟಿಕೊಳ್ಳುತ್ತವೆ. ಅಂತರಜಾಲದ ಹವಾಮಾನ ತಾಣಗಳಿಗೆ ಅದಾಗಲೇ ಕಳಿಸಿದ ತಪ್ಪು ಅಂಕಿಯನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಅದಕ್ಕಾಗಿಯೇ ಮಳೆಮಾಪಕ ತೊಳೆಯುವ ದಿನ ಸೆನ್ಸರಿನ ತಂತಿ ಬಿಚ್ಚಿಯೋ ಬಟ್ಟಲನ್ನು ಹಿಡಿದುಕೊಂಡೋ ತೊಳೆಯುವುದು ಒಳ್ಳೆಯದು.

ಖಾಲಿ, ಸೊನ್ನೆ, ಅಂದಾಜು ಈ ಮೂರರಲ್ಲಿ ಯಾವುದನ್ನು ಬರೆಯಬೇಕು ಎಂಬುದು ತಂತ್ರಾಂಶಕ್ಕೆ ಬಿಟ್ಟ ವಿಷಯವಲ್ಲ. ಮಳೆ ಇರಲಿಲ್ಲ ಎಂಬುದು ಖಚಿತವಿದ್ದಾಗ ಮಾತ್ರ ಸೊನ್ನೆ ಸರಿ. ಇರುವೆ ಗೂಡು ಕಟ್ಟಿಯೋ ಎಲೆ ಕುಳಿತೋ ಆಲಿಕೆ ಮುಚ್ಚಿಹೋಗಿ ಪುನರ್ವಸು ಮಳೆಯ ಮೂರು ದಿನ ಸೊನ್ನೆ ತೋರಿಸಿದರೆ, ಆ ಸೊನ್ನೆಯೇ ಸುಳ್ಳು. ಅದನ್ನು ಖಾಲಿ ಮಾಡಬೇಕು. ವೀಡಬ್ಲ್ಯೂಎಕ್ಸ್ ಖಾಲಿಗೂ ಸೊನ್ನೆಗೂ ಇರುವ ವ್ಯತ್ಯಾಸವನ್ನು ಡೇಟಾಬೇಸ್‌ನಲ್ಲಿ ಕೊನೆಯವರೆಗೆ ಕಾಪಾಡುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಮಾಸಿಕ ಮೊತ್ತದಲ್ಲಿ ಖಾಲಿ ಸಾಲುಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ತಿಂಗಳ ಮಳೆ ಕಡಿಮೆ ಕಾಣುತ್ತದೆ, ಯಾವ ಎಚ್ಚರಿಕೆಯೂ ಇರುವುದಿಲ್ಲ. ಕೈ ಮಳೆಮಾಪಕದಲ್ಲಿ ಆ ದಿನಗಳ ಅಳತೆಯಿದ್ದರೆ ಅದನ್ನು ಬೆಳಗಿನ ಎಂಟೂವರೆಯ ಸಾಲಿನಲ್ಲಿ ಒಟ್ಟಾಗಿ ಹಾಕಬಹುದು. ಮೊತ್ತ ಸರಿಹೋಗುತ್ತದೆ, ಯಾವ ಗಂಟೆಯಲ್ಲಿ ಎಷ್ಟು ಎಂಬುದು ಮಾತ್ರ ಹೋಗುತ್ತದೆ. ಪಕ್ಕದ ತೋಟದ ಅಂಕಿಯನ್ನು ತಂದು ಹಾಕುವುದನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಗುಡ್ಡದ ಈಚೆಗೂ ಆಚೆಗೂ ಮಳೆ ಒಂದೇ ಆಗಿರುವುದಿಲ್ಲ. ನಕ್ಷೆಯಲ್ಲಿ ಗೆರೆ ತುಂಡಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಅಂಕಿ ತುಂಬುವುದು ತಿದ್ದುಪಡಿಯಲ್ಲ, ಅಲಂಕಾರ.

ವಿದ್ಯುತ್ ಹೋಗುವ ಊರುಗಳಲ್ಲಿ ತಪ್ಪು ಅಂಕಿಗಿಂತ ತಪ್ಪು ಸಮಯ ಹೆಚ್ಚು ಕಾಡುತ್ತದೆ. ರಾಸ್ಪ್‌ಬೆರಿ ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಕರೆಂಟು ಬಂದು ಇಂಟರ್ನೆಟ್ ಬಾರದಿದ್ದರೆ, ಆರಿದಾಗ ಉಳಿಸಿಟ್ಟುಕೊಂಡ ಹಳೆಯ ಸಮಯದಿಂದಲೇ ಅದು ಮುಂದುವರಿಯುತ್ತದೆ. ಗಣಕದ ಸಮಯ ತೀರಾ ಹಿಂದಿದ್ದರೆ ಕಾಯುವ ವ್ಯವಸ್ಥೆ ತಂತ್ರಾಂಶದಲ್ಲಿದೆ ನಿಜ, ಆದರೆ ಕೆಲವು ಗಂಟೆ ಮಾತ್ರ ಹಿಂದುಳಿದ ಸಮಯ ಆ ಪರೀಕ್ಷೆಯನ್ನು ಸಲೀಸಾಗಿ ದಾಟಿಬಿಡುತ್ತದೆ. ಮಧ್ಯಾಹ್ನದ ಮಳೆ ಬೆಳಗಿನ ಹೆಸರಿನಲ್ಲಿ ದಾಖಲಾಗುತ್ತದೆ. ಅದೇ ಸಮಯದ ಸಾಲು ಮೊದಲೇ ಇದ್ದರೆ ಹೊಸದು ಸೇರುವುದೇ ಇಲ್ಲ, ಏಕೆಂದರೆ ಒಂದು ಸಮಯಕ್ಕೆ ಒಂದೇ ಸಾಲು ಎಂಬುದು ಕೋಷ್ಟಕದ ನಿಯಮ. ದಾಖಲಾದ ಸಾಲುಗಳ ಸಮಯಕ್ಕೆ ವ್ಯತ್ಯಾಸದ ಸೆಕೆಂಡುಗಳನ್ನು ಕೂಡಿಸಿ ಸರಿಪಡಿಸಬಹುದು, ಸೇರದೆ ಹೋದದ್ದನ್ನು ತರಲಾಗದು. ಕೆಲವು ನೂರು ರೂಪಾಯಿಯ ಡಿಎಸ್3231 ಗಡಿಯಾರದ ಬಿಲ್ಲೆಯನ್ನು ಮೊದಲೇ ಸಿಕ್ಕಿಸುವುದು ಈ ತಿದ್ದುಪಡಿಗಳೆಲ್ಲಕ್ಕಿಂತ ಸುಲಭ.

ಕೊನೆಗೆ ಗುರುತಿನ ಪ್ರಶ್ನೆ. ಯಾರು, ಯಾವಾಗ, ಯಾವ ಅಂಕಿಯನ್ನು, ಏಕೆ ಬದಲಿಸಿದರು ಎಂಬುದನ್ನು ವೀಡಬ್ಲ್ಯೂಎಕ್ಸ್ ಎಲ್ಲಿಯೂ ಬರೆದಿಡುವುದಿಲ್ಲ. ತಿದ್ದಿದ ಸಾಲೂ ತಿದ್ದದ ಸಾಲೂ ನೋಡಲು ಒಂದೇ. ಹತ್ತು ವರ್ಷದ ನಂತರ ಈ ಕಡತವನ್ನು ತೆರೆಯುವ ಮಗನಿಗೋ ಮೊಮ್ಮಗಳಿಗೋ ಮಾರ್ಚಿಯ ಆ ಸೊನ್ನೆ ಅಳೆದದ್ದೋ ಬರೆದದ್ದೋ ತಿಳಿಯುವ ದಾರಿಯಿಲ್ಲ. ಆದ್ದರಿಂದ ಬೇರೆಯದೇ ಒಂದು ಕಡತದಲ್ಲಿ ದಿನಾಂಕ, ಸಮಯ, ಹಳೆಯ ಅಂಕಿ, ಹೊಸ ಅಂಕಿ, ಕಾರಣ, ಸಾಕ್ಷ್ಯ ಇಷ್ಟನ್ನೂ ಬರೆದಿಡುತ್ತೇನೆ, ತಿದ್ದುವ ಮುಂಚಿನ ಡೇಟಾಬೇಸ್ ಪ್ರತಿಯನ್ನು ವರ್ಷಕ್ಕೊಂದರಂತೆ ಎತ್ತಿಡುತ್ತೇನೆ.

ಕ್ಯುಮುಲಸ್ ಎಂಎಕ್ಸ್ ಈ ವಿಷಯದಲ್ಲಿ ಮೇಲೆಂದು ಹೇಳಲಾರೆ, ಆದರೆ ಅಲ್ಲಿ ತಿದ್ದುವುದು ಸುಲಭ. ಜಾಲಪುಟದ ರೂಪದಲ್ಲೇ ಇಂದಿನ ಮಳೆಯನ್ನು, ದಿನವಾರು ಸಾಲನ್ನು, ಸಾರ್ವಕಾಲಿಕ ದಾಖಲೆಗಳನ್ನು ತಿದ್ದುವ ಪರದೆಗಳಿವೆ. ದಾಖಲೆಯ ಅಂಕಿಯ ಪಕ್ಕದಲ್ಲೇ ದಿನವಾರು ಕಡತ ಏನು ಹೇಳುತ್ತದೆ, ಮಾಸಿಕ ಕಡತ ಏನು ಹೇಳುತ್ತದೆ ಎಂದು ತೋರಿಸುತ್ತದೆ. ಅಂಕಿಗಳೆಲ್ಲ ಸಾದಾ ಪಠ್ಯ ಕಡತಗಳಲ್ಲಿರುವುದರಿಂದ ನೋಟ್‌ಪ್ಯಾಡ್‌ನಲ್ಲಿಯೂ ತೆರೆಯಬಹುದು. ಆದರೆ ಮಾಸಿಕ ಕಡತ, ದಿನವಾರು ಕಡತ, ಸಾರ್ವಕಾಲಿಕ ದಾಖಲೆಯ ಕಡತ ಮೂರೂ ಬೇರೆ ಬೇರೆಯಾಗಿರುವ ಕಾರಣ ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ವಿಂಡೋಸ್ ಗಣಕ ಬಳಸುವವರು, ವರ್ಷಕ್ಕೊಂದೆರಡು ತಪ್ಪು ಮಾತ್ರ ತಿದ್ದಬೇಕಾದವರು ಅದನ್ನೇ ಆರಿಸಿಕೊಳ್ಳಲಿ. ಸಾವಿರಾರು ಸಾಲುಗಳನ್ನು ಒಂದೇ ಸೂತ್ರದಿಂದ ಸರಿಪಡಿಸಬೇಕಾದವರಿಗೆ, ಉದಾಹರಣೆಗೆ ಮಳೆಮಾಪಕದ ಗುಣಕ ಎರಡು ಮಳೆಗಾಲದಿಂದ ತಪ್ಪಿತ್ತೆಂದು ಈಗ ಗೊತ್ತಾದವರಿಗೆ, ವೀಡಬ್ಲ್ಯೂಎಕ್ಸ್‌ಗೆ ಸಮನಾದದ್ದು ನನಗೆ ಕಂಡಿಲ್ಲ.

ಹಾಕಿಕೊಳ್ಳುವವರು ಆವೃತ್ತಿಯನ್ನು ಗಮನಿಸಬೇಕು. ನಾಲ್ಕನೆಯ ಆವೃತ್ತಿಯವರೆಗೆ ಡೇಟಾಬೇಸ್ ಆದೇಶಗಳು ವೀ ಡೇಟಾಬೇಸ್ ಎಂಬ ಪ್ರತ್ಯೇಕ ಉಪಕರಣದಲ್ಲಿದ್ದವು, ಐದನೆಯದರಲ್ಲಿ ಅವೆಲ್ಲ ವೀಸಿಟಿಎಲ್ ಎಂಬ ಒಂದೇ ಉಪಕರಣದೊಳಗೆ ಸೇರಿಕೊಂಡಿವೆ. ಅಂತರಜಾಲದಲ್ಲಿ ಸಿಗುವ ತಿದ್ದುಪಡಿಯ ಸಲಹೆಗಳಲ್ಲಿ ಬಹಳಷ್ಟು ಹಳೆಯ ಹೆಸರಿನಲ್ಲೇ ಇವೆ. ಹೊಸ ಆವೃತ್ತಿಯಲ್ಲಿ ಅವನ್ನು ಇದ್ದಂತೆಯೇ ನಕಲು ಮಾಡಿದರೆ ಅಂತಹ ಆದೇಶವಿಲ್ಲ ಎಂಬ ಉತ್ತರ ಬರುತ್ತದೆ.